ಅಪ್ಪಟ ಅಂಕ

ಆಟದ ಅಂಕಪಟ್ಟಿಯ ಮೊದಲ ಸಾಲು ಬದಲಾಗಿತ್ತು. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಶೂ ಕೂಡ ಬಿಚ್ಚದೆ ಪರದೆಯ ಮುಂದೆ ಬಗ್ಗಿ ನಿಂತ. ಇಪ್ಪತ್ತೆರಡು ವರ್ಷ ಅಲುಗಾಡದೆ ಕೂತಿದ್ದ ಅವನ ನಲವತ್ತೆಂಟು ಸಾವಿರದ ಆರುನೂರ ಇಪ್ಪತ್ತು ಅಂಕ ಎರಡನೇ ಸಾಲಿಗೆ ಇಳಿದಿತ್ತು. ಅದರ ಮೇಲೆ ಅರವತ್ತೊಂದು ಸಾವಿರ ಚಿಲ್ಲರೆ. ಪಕ್ಕದಲ್ಲಿ ಅವನದೇ ಹೆಸರಿನ ಮೂರು ಅಕ್ಷರ.

ಅವನಂತೂ ಆಡಿರಲಿಲ್ಲ. ಬೆಳಗ್ಗೆ ಮನೆ ಬಿಟ್ಟವನು ದಿನವಿಡೀ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಈಗಷ್ಟೇ ಬಂದಿದ್ದ. ಬಾಣದ ಕೀಲಿಗಳ ಮೇಲೆ ಬೆರಳಾಡಿಸಿದ. ಜಿಡ್ಡು. ಸ್ಪಿರಿಟ್ ಅದ್ದಿದ ಹತ್ತಿಯಿಂದ ನಾಲ್ಕೂ ಕೀಲಿಗಳನ್ನು ಎರಡೆರಡು ಸಲ ಉಜ್ಜಿ, ಕೈ ತೊಳೆದುಕೊಂಡು ಬಂದ.

ಈ ಮನೆಯಲ್ಲಿ ಅಂಥ ಕೊಳಕು ಕೈ ಅಳಿಯನದು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಬಾಡಿಗೆ ಮನೆಯ ಛಾವಣಿ ರಿಪೇರಿ ಮುಗಿಯಲಿ ಎಂದು ಮಗಳು, ಅಳಿಯ ಮೇಲಿನ ಕೋಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಳಿಯನ ಲ್ಯಾಪ್‌ಟಾಪ್ ಒಮ್ಮೆ ನೋಡಿದ್ದೇ ಸಾಕಾಗಿತ್ತು. ಬ್ರೌಸರಿನಲ್ಲಿ ನಲವತ್ತು ಕಿಟಕಿ, ಅದರ ತಲೆಯ ಮೇಲೆ ಯಾರೂ ಕೇಳದ ಮೂರು ಟೂಲ್‌ಬಾರ್, ನಿಮಿಷಕ್ಕೊಮ್ಮೆ ಕಿರುಚುವ ಪುಕ್ಕಟೆ ಆಂಟಿವೈರಸ್. ಫೋನಿನಲ್ಲಿ ಆಡುವ ಆಟದಲ್ಲಿ ಸತ್ತರೆ ಜಾಹೀರಾತು ನೋಡಿ ಇನ್ನೊಂದು ಪ್ರಾಣ ಪಡೆಯಬಹುದಂತೆ. ಅದನ್ನು ಕೇಳಿದ ದಿನ ಇನ್‌ಸ್ಪೆಕ್ಟರ್ ಊಟದ ತಟ್ಟೆ ತಳ್ಳಿ ಎದ್ದುಹೋಗಿದ್ದ.

ಅವನದು ಮಡಿವಂತ ಕಂಪ್ಯೂಟರ್. ಮೌಸ್ ಇಲ್ಲ. ಪತ್ರ, ವರದಿ ಎಲ್ಲವೂ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ. ಬ್ರೌಸರಿನೊಳಗೆ ಚಿತ್ರಗಳಿಗೆ ಪ್ರವೇಶವಿಲ್ಲ. ಅಪ್‌ಡೇಟ್ ಎಂದರೆ ಮೂಗು ಮುರಿಯುತ್ತಿದ್ದ. ಆಟಕ್ಕೆಂದೇ ಇಟ್ಟಿದ್ದ ಯಂತ್ರ ಇನ್ನೂ ಹಳೆಯದು, ಅದರಲ್ಲಿ ಇದ್ದದ್ದು ಗಣಿಯ ಆಟ ಒಂದೇ. ಮೂವತ್ತು ಸುರಂಗ, ಮೂರು ಪ್ರಾಣ. ಸತ್ತರೆ ಸತ್ತಂತೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು, ಆ ಸದ್ದಿಗೂ ಅವನು ದಿನಾ ಗೊಣಗುತ್ತಿದ್ದ.

ಅಳಿಯನನ್ನು ಕೆಳಗೆ ಕರೆಸಿದ. ಮಗಳೂ ಹಿಂದೆಯೇ ಬಂದಳು. ತಾನು ಆ ಯಂತ್ರವನ್ನು ಮುಟ್ಟಿಯೇ ಇಲ್ಲ ಎಂದು ಅಳಿಯ ಹೇಳಿದ. ಇನ್‌ಸ್ಪೆಕ್ಟರ್ ನಕ್ಕ. ಒಳಗೆ ಟೊಳ್ಳು ಕೊರೆದ ತೂಕದ ಬಟ್ಟುಗಳನ್ನು ಹಿಡಿದಾಗ ಅಂಗಡಿಯವರೂ ಹೀಗೇ ಹೇಳುತ್ತಿದ್ದರು.

"ಹಿಂದೆ ಆಡಿದವರ ಅಕ್ಷರನೇ ಯಂತ್ರ ತಾನಾಗಿ ತುಂಬುತ್ತೆ. ಬದಲಾಯಿಸದೆ ಗುಂಡಿ ಒತ್ತಿದ್ರೆ ಅದೇ ಉಳಿಯುತ್ತೆ. ಅಷ್ಟೂ ಗೊತ್ತಿಲ್ಲದ ದಡ್ಡ ಆಡಿದಾನೆ ಇಲ್ಲಿ," ಎಂದ. "ಅದೂ ಏನೋ ಮೋಸ ಮಾಡಿ."

ಆಮೇಲೆ ತನ್ನ ದಾಖಲೆಯ ಕಥೆ ತೆಗೆದ. ಮನೆಯವರಿಗೂ ಕಚೇರಿಯವರಿಗೂ ಬಾಯಿಪಾಠವಾಗಿದ್ದ ಕಥೆ. ಆಗ ಹತ್ತು ದಿನ ಕೆಂಡದಂಥ ಜ್ವರ. ಯಾವಾಗ ಕೂತ, ಯಾವ ಸುರಂಗ ಹೇಗೆ ದಾಟಿದ, ಒಂದೂ ನೆನಪಿಲ್ಲ. ಹನ್ನೊಂದನೇ ದಿನ ನೋಡಿದರೆ ದಾಖಲೆ ಪರದೆಯ ಮೇಲಿತ್ತು. ಮೈಯಲ್ಲಿ ಕಸುವಿಲ್ಲದಾಗಲೂ ಕೈ ತಪ್ಪದವನೇ ನಿಜವಾದ ಆಟಗಾರ ಎಂದು ಮುಗಿಸಿ, ಮೋಸಗಾರರ ಜೊತೆ ಒಂದೇ ಸೂರಿನಡಿ ಇರಲಾರೆ, ನಾಳೆಯೊಳಗೆ ಗಂಡ ಹೆಂಡತಿ ಇಬ್ಬರೂ ಜಾಗ ಖಾಲಿ ಮಾಡಬೇಕು ಎಂದ.

ಮಗಳು ಅಳಲಿಲ್ಲ. ಅಪ್ಪನನ್ನು ಎಂಜಲೆಲೆ ನೋಡುವಂತೆ ನೋಡಿದಳು. ನಾಳೆಯವರೆಗೆ ಯಾಕೆ, ಇವತ್ತೇ ಹೋಗುತ್ತೇವೆ, ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದು ಮೇಲೆ ಹೋಗಿ ಹತ್ತೇ ನಿಮಿಷದಲ್ಲಿ ಚೀಲ ಹಿಡಿದು ಇಳಿದಳು. ಅವಳು ಹೇಳಿದಂತೆ ಮಾಡುವವಳು. ಅದು ತಾಯಿಗೆ ಗೊತ್ತಿತ್ತು.

ಹೊಲಿಗೆ ಯಂತ್ರ ನಿಂತಿತು.

"ಚೀಲ ಕೆಳಗಿಡು," ಎಂದಳು ಹೆಂಡತಿ. "ಆಡಿದ್ದು ನಾನು."

ಇನ್‌ಸ್ಪೆಕ್ಟರನಿಗೆ ನಗುವೂ ಬರಲಿಲ್ಲ. ಅಳಿಯನನ್ನು ಉಳಿಸಲು ಇಷ್ಟು ಹಸಿ ಸುಳ್ಳೇ ಎಂದು ಮುಖ ಸಿಂಡರಿಸಿದ. ಅವಳು ಹೊಲಿಗೆ ಯಂತ್ರದ ಎಣ್ಣೆ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಅವನ ಕುರ್ಚಿಯಲ್ಲಿ ಕೂತಳು. ಮೊದಲ ಸುರಂಗ ದಾಟಿದಳು, ಐದನೆಯದು, ಹನ್ನೆರಡನೆಯದು. ಬೆನ್ನು ಬಾಗಲಿಲ್ಲ, ಕಣ್ಣು ಮಿಟುಕಲಿಲ್ಲ. ಛಾವಣಿ ಕುಸಿಯುವ ಇಪ್ಪತ್ತೊಂದನೆಯದರಲ್ಲಿ ಬಲಕ್ಕೆ ಹೋಗಬೇಕೆಂದು ಅವನು ತಡೆಯಲಾರದೆ ಹೇಳಿದ. ಅವಳು ಎಡಕ್ಕೆ ಹೋಗಿ ಪಾರಾದಳು. ಐವತ್ತು ಸಾವಿರ ದಾಟಿದ ಮೇಲೆ ಸಾಕೆಂದು ಯಂತ್ರ ಆರಿಸಿಬಿಟ್ಟಳು. ಅಳಿಯ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಅವನು ಕಚೇರಿಗೆ ಹೋದಾಗಲೆಲ್ಲ ಆಡುತ್ತಿದ್ದಳಂತೆ. ಆಮೇಲಾಮೇಲೆ ಪ್ರತಿ ಸಲ ಕೊನೆಯ ಪ್ರಾಣ ಹೋಗುವ ಮೊದಲೇ ಆರಿಸುತ್ತಿದ್ದಳಂತೆ, ಪಟ್ಟಿಯಲ್ಲಿ ಬೀಳಬಾರದೆಂದು. ಇವತ್ತು ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಹೊಲಿಯಲು ಬಟ್ಟೆ ಕೊಟ್ಟವರು ಬಾಗಿಲು ತಟ್ಟಿದ್ದರಿಂದ ಗಡಿಬಿಡಿಯಲ್ಲಿ ಗುಂಡಿ ಒತ್ತಿ ಎದ್ದಿದ್ದಳು. ಇಷ್ಟನ್ನೂ ಗುಂಡಿ ಹೊಲಿದ ಸುದ್ದಿ ಹೇಳುವಷ್ಟೇ ಸಪ್ಪಗೆ ಹೇಳಿದಳು.

ಇನ್‌ಸ್ಪೆಕ್ಟರ್ ಅಳಿಯನ ಬಳಿ ತಪ್ಪಾಯಿತು ಎನ್ನಲಿಲ್ಲ, ಮಗಳ ಕಡೆ ತಿರುಗಲೂ ಇಲ್ಲ. ಇಷ್ಟು ವರ್ಷ ತನ್ನ ಕೀಲಿಗಳ ಮೇಲೆ ಬೇರೆ ಬೆರಳು ಓಡಾಡಿದ ಹೇಸಿಗೆಯೊಂದೇ ಅವನ ಮುಖದಲ್ಲಿತ್ತು. ಮನೆಯಲ್ಲಿ ಕೂತು ವರ್ಷಗಟ್ಟಲೆ ಕದ್ದು ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ, ಅದು ಲೆಕ್ಕಕ್ಕಿಲ್ಲ ಎಂದ. ಯಂತ್ರವನ್ನು ಮತ್ತೆ ಹೊತ್ತಿಸಿ ಪಟ್ಟಿಯನ್ನು ತೆರೆದು, ಅರವತ್ತೊಂದು ಸಾವಿರದ ಸಾಲನ್ನು ಅಳಿಸಲು ಅದರ ಮೇಲೆ ಗುರುತು ತಂದು ನಿಲ್ಲಿಸಿದ.

"ಅಪ್ಪಟ ಅಲ್ಲದ್ದು ಇಲ್ಲಿ ಇರಬಾರದು," ಎಂದ.

"ಹಾಗಾದ್ರೆ ಅದರ ಕೆಳಗಿಂದೂ ಅಳಿಸಿ," ಎಂದಳು ಹೆಂಡತಿ. "ಜ್ವರ ಬಂದ ಆ ಹತ್ತು ದಿನ ನೀವು ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ."