ಮಾತು ಬಿಟ್ಟ ಐದನೆಯ ದಿನ

ಗ್ಲೈಡರನ್ನು ಮೇಲಕ್ಕೆಳೆದ ಹಗ್ಗ ಕಳಚಿಕೊಂಡಿತು. ಮೇಷ್ಟ್ರು ಎಡಕ್ಕೆ ತಿರುಗಿಸಲೆಂದು ಮುಂದಿದ್ದ ಹಿಡಿಕೋಲನ್ನು ಎಡಕ್ಕೆ ವಾಲಿಸಿದರು. ಗ್ಲೈಡರ್ ಬಲಕ್ಕೆ ವಾಲಿತು. ಗಾಳಿಯ ಚೇಷ್ಟೆಯಿರಬೇಕೆಂದು ಇನ್ನೂ ಸ್ವಲ್ಪ ಎಡಕ್ಕೆ ಒತ್ತಿದರು. ಅದು ಇನ್ನೂ ಸ್ವಲ್ಪ ಬಲಕ್ಕೆ ವಾಲಿತು. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಕತ್ತು ಹೊರಳಿಸಿ ನೋಡಿದಳು. ಎಡ ರೆಕ್ಕೆಯ ಅಂಚಿನಲ್ಲಿ ಮೇಲೇಳಬೇಕಿದ್ದ ಹಲಗೆ ಕೆಳಕ್ಕೆ ಬಾಗಿತ್ತು. ಅವಳಿಗೆ ಹೊಳೆಯಿತು. ಕೋಲಿನಿಂದ ಹಲಗೆಗಳಿಗೆ ಹೋಗುವ ರೆಕ್ಕೆಯೊಳಗಿನ ತಂತಿಗಳು ಅದಲುಬದಲಾಗಿವೆ, ಅವನ್ನು ಕಟ್ಟಿದವಳು ತಾನೇ.

ಅರವತ್ತು ವರ್ಷ ಹಳೆಯ ಗ್ಲೈಡರ್. ಎಂಜಿನ್ನಿಲ್ಲ, ತಲೆಯ ಮೇಲೆ ಗಾಜಿಲ್ಲ, ಗಾಳಿ ನೇರ ಮುಖಕ್ಕೇ ಬಡಿಯುತ್ತದೆ. ದಿನಾ ಶಾಲೆ ಮುಗಿಸಿ ಬಂದು ಎರಡು ವರ್ಷ ಮೇಷ್ಟ್ರು ಅದರ ಮರಗೆಲಸ ಮಾಡಿದ್ದರು. ಟೈಲರ್ ಅಂಗಡಿ ನಡೆಸುವ ಹೆಂಡತಿ ರೆಕ್ಕೆಗೆ ಬಟ್ಟೆ ಹೊಲಿದು ತಂತಿಗಳನ್ನೂ ಕಟ್ಟಿದ್ದಳು. ರಿಪೇರಿ ಮಾಡಿದವರೇ ಮೊದಲ ಹಾರಾಟಕ್ಕೆ ಕೂರಬೇಕೆಂಬುದು ಆ ಮೈದಾನದ ಕಟ್ಟಳೆ. ಹತ್ತುವ ಮುನ್ನ ಇನ್ನೊಂದು ಕಟ್ಟಳೆಯಿತ್ತು. ಒಬ್ಬರು ಒಳಗೆ ಕೂತು ಕೋಲು ಆಡಿಸುತ್ತ ‘ಎಡ’ ಅನ್ನಬೇಕು, ಇನ್ನೊಬ್ಬರು ಹೊರಗೆ ನಿಂತು ಹಲಗೆ ನೋಡಿ ‘ಮೇಲೆ’ ಅನ್ನಬೇಕು. ಆದರೆ ಗಂಡಹೆಂಡತಿ ಮಾತು ಬಿಟ್ಟು ಅಂದಿಗೆ ಐದು ದಿನ. ಅವಳ ತಮ್ಮನ ಮುಂದೆ ಮೇಷ್ಟ್ರು ‘ನಿಂಗೆ ತಿಳಿಯಲ್ಲ, ಸುಮ್ನಿರು’ ಅಂದುಬಿಟ್ಟಿದ್ದರು. ಸರಿ, ಅವಳು ಸುಮ್ಮನಾದಳು. ಆ ದಿನ ಮೇಷ್ಟ್ರು ತುಟಿಪಿಟಕ್ಕೆನ್ನದೆ ಕೋಲು ಆಡಿಸಿದರು, ಅವಳು ಎತ್ತಲೋ ನೋಡುತ್ತ ಹೆಬ್ಬೆರಳು ಎತ್ತಿದಳು. ಹಟದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಮ್ಮಿಯಿರಲಿಲ್ಲ.

“ತಂತಿ ಉಲ್ಟಾ ಆಗಿದೆ ರೀ,” ಅಂದಳು. ಗಾಳಿಯ ಸದ್ದಿನಲ್ಲಿ ಮಾತು ಹಾರಿಹೋಯಿತು. ಅವರ ಕಿವಿಗೇ ಬಾಯಿಟ್ಟು ಕೂಗಿದಳು. “ಕೋಲು ಉಲ್ಟಾ ಕೆಲಸ ಮಾಡ್ತಿದೆ. ಕೈ ಬಿಡಿ, ಕಾಲಿನ ಪೆಡಲಲ್ಲೇ ತಿರುಗಿಸಿ.”

“ನೀನು ಸುಮ್ನಿರು, ಗಾಳಿ ಎಳೀತಿದೆ.”

ಬಲ ರೆಕ್ಕೆ ನೆಲವನ್ನೇ ತೋರಿಸತೊಡಗಿತು. ಶೆಡ್ಡಿನ ತಗಡು, ಬೇಲಿ, ಹಗ್ಗ ಎಳೆಯುವ ಲಾರಿ ಎಲ್ಲ ಒಂದೇ ಕಡೆಗೆ ಜಾರುತ್ತಿದ್ದವು. ಮೇಷ್ಟ್ರ ಬೆರಳ ಗೆಣ್ಣುಗಳು ಬಿಳಿಚಿದ್ದವು. ಮೂವತ್ತು ವರ್ಷ ಹಾರಿಸಿ ಪಳಗಿದ ಕೈ. ಬಲಕ್ಕೆ ವಾಲಿದರೆ ಎಡಕ್ಕೆ ಎಳೆಯುವುದೊಂದೇ ಅದಕ್ಕೆ ಗೊತ್ತು. ಎಳೆದಷ್ಟೂ ಸಾವು ಹತ್ತಿರ. ತಿಳಿಹೇಳುತ್ತ ಕೂರಲು ಹೊತ್ತಿರಲಿಲ್ಲ. ಅವಳು ಬಗ್ಗಿ ಅವರ ಮುಂಗೈಯನ್ನು ಕಚ್ಚಿದಳು. ಸರಿಯಾಗಿಯೇ ಕಚ್ಚಿದಳು, ಐದು ದಿನದ ಸಿಟ್ಟೂ ಅದರಲ್ಲಿತ್ತು.

ಮೇಷ್ಟ್ರು ಕೈ ಬಿಟ್ಟರು. ಇಬ್ಬರ ಮುಂದೆಯೂ ಒಂದೊಂದು ಕೋಲು. ಒಂದು ಆಡಿದರೆ ಇನ್ನೊಂದೂ ಆಡುತ್ತದೆ. ಅವಳು ತನ್ನದನ್ನು ನಡುಮಧ್ಯಕ್ಕೆ ತಂದು ಎರಡು ಅಂಗೈಗಳ ನಡುವೆ ಅದುಮಿ ಹಿಡಿದಳು. “ಅತ್ತಿತ್ತ ಹೋಗದ ಹಾಗೆ ನಾನು ಹಿಡಿದಿರ್ತೀನಿ. ಹಿಂದೆ ಮುಂದೆ ಮಾತ್ರ ನೀವು ನೋಡ್ಕೊಳ್ಳಿ. ಎಡ ಕಾಲು ಒತ್ತಿ.”

ಮೇಷ್ಟ್ರು ಬಾಲದ ಹಲಗೆ ತಿರುಗಿಸುವ ಎಡ ಪೆಡಲ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗ್ಲೈಡರ್ ಮನಸ್ಸಿಲ್ಲದ ಎತ್ತಿನ ಹಾಗೆ ಮೆಲ್ಲಗೆ ಮೂತಿ ಹೊರಳಿಸಿತು, ಬಲ ರೆಕ್ಕೆ ಇಷ್ಟಿಷ್ಟೇ ಮೇಲೆದ್ದಿತು. ಆಗ ಅವರಿಗೆ ಅರ್ಥವಾಯಿತು.

“ಮತ್ತೆ ತಿರುಗಿ ಮೈದಾನಕ್ಕೆ ಹೋಗೋಕಾಗಲ್ಲ,” ಅಂದರು. “ನೇರಕ್ಕೇ ಇಳಿಸ್ತೀನಿ. ಬೇಲಿ ದಾಟಬೇಕಾಗುತ್ತೆ.”

“ದಾಟಿಸಿ.”

“ಹೆದರಿಕೆ ಆಗ್ತಿದೆಯಾ?”

“ಮಾತಾಡಿಸಬೇಡಿ. ಕಾಲು ನೋಡ್ಕೊಳ್ಳಿ.”

ಬೇಲಿ ಗ್ಲೈಡರಿನ ಹೊಟ್ಟೆಯ ಕೆಳಗೇ ಸರಿದುಹೋಯಿತು. ಎತ್ತರದ ಹುಲ್ಲು ಎದ್ದು ಬಂದು ಬಡಿಯಿತು. ಒಂದು ರೆಕ್ಕೆ ನೆಲಕ್ಕೆ ತಾಗಿ, ಗ್ಲೈಡರ್ ಅರ್ಧ ಸುತ್ತು ಗಿರಕಿ ಹೊಡೆದು ನಿಂತಿತು. ಎರಡು ವರ್ಷ ಹೊಲಿದ ಬಟ್ಟೆ ಮೊಳದುದ್ದ ಹರಿದಿತ್ತು. ಅವಳ ಅಂಗೈಗಳು ಕೋಲು ಬಿಡಲಿಲ್ಲ; ಮೇಷ್ಟ್ರೇ ಒಂದೊಂದು ಬೆರಳನ್ನೂ ಬಿಡಿಸಬೇಕಾಯಿತು.

ಲಾರಿಯವನು ಬೇಲಿ ಹಾರಿ ಓಡಿಬಂದ. “ಏನಾಯ್ತು ಮೇಷ್ಟ್ರೇ? ಕೈಯಲ್ಲಿ ರಕ್ತ ಬರ್ತಿದೆಯಲ್ಲ. ಅಕ್ಕ, ನಿಮಗೇನೂ ಆಗಿಲ್ಲ ತಾನೆ?”

“ತಂತಿ ಅದಲುಬದಲಾಗಿತ್ತು. ಹತ್ತೋಕೆ ಮುಂಚೆ ನೋಡಲಿಲ್ಲ, ತಪ್ಪು ನಂದು,” ಅಂದರು ಮೇಷ್ಟ್ರು. ಕೈಯ ವಿಷಯ ಎತ್ತಲಿಲ್ಲ. ಅವನು ಟ್ರಾಕ್ಟರ್ ತರಲು ಹೋದ.

ಇಬ್ಬರೂ ಹುಲ್ಲಿನ ಮೇಲೆ ಕೂತರು. ಮೇಷ್ಟ್ರು ಮುಂಗೈಗೆ ಕರ್ಚೀಫು ಸುತ್ತಿಕೊಳ್ಳುತ್ತಿದ್ದರು, ಒಂದೇ ಕೈಯಲ್ಲಿ ಗಂಟು ಕೂರುತ್ತಿರಲಿಲ್ಲ. ಅವಳು ಅದನ್ನು ಎಳೆದುಕೊಂಡು ಕಟ್ಟಿದಳು.

“ತಲೆನೋವು ಅಂತ ಹೇಳಿ ಇವತ್ತು ಕೆಳಗೇ ಉಳಿದುಬಿಡೋಣ ಅಂತಿದ್ದೆ,” ಅಂದಳು. “ನಿಮ್ಮ ಪಕ್ಕ ಕೂರೋಕೆ ಇಷ್ಟ ಇರಲಿಲ್ಲ. ಕಟ್ಟಳೆ ಅಂತ ಹತ್ತಿದೆ, ಅಷ್ಟೇ.”

ಮೇಷ್ಟ್ರು ಕರ್ಚೀಫಿನ ಗಂಟನ್ನು ಬೆರಳಿನಿಂದ ಸವರಿದರು.

“ನಾನು ಕೆಳಗೇ ಉಳಿದು, ನೀವೊಬ್ರೇ ಹೋಗಿದ್ರೆ? ತಂತಿ ಕಟ್ಟಿದೋಳು ಇವಳು, ಸರಿಯಿದೆ ಅಂದೋಳು ಇವಳು, ಗಂಡನ ಜೊತೆ ಮಾತು ಬಿಟ್ಟೋಳೂ ಇವಳೇ. ಬೇಕಂತಲೇ ಮಾಡಿದ್ಳು ಅಂತಿದ್ರು ಜನ.” ಅವಳು ಹುಲ್ಲಿನೆಸಳೊಂದನ್ನು ಕಿತ್ತಳು. “ಇಲ್ಲ ಅಂತ ಗಟ್ಟಿಯಾಗಿ ಹೇಳೋಕೆ ನಂಗೇ ಆಗ್ತಿರಲಿಲ್ಲ.”

“ನಾನು ಹೇಳ್ತಿದ್ದೆ,” ಅಂದರು ಮೇಷ್ಟ್ರು. “ಯಾರು ಏನೇ ಅನ್ಲಿ, ಅವಳು ಅಂಥೋಳಲ್ಲ ಅಂತ ನಾನು ಹೇಳ್ತಿದ್ದೆ.”

ಅವಳು ಅವರ ಮುಖವನ್ನೇ ನೋಡಿದಳು.

“ಹೇಳೋಕೆ ನೀವು ಎಲ್ಲಿರ್ತಿದ್ರಿ?”