ಹೆಬ್ಬಾಗಿಲಿನ ಪರೀಕ್ಷೆ

ಮುಖ ನೋಡಿ ಬಾಗಿಲು ತೆರೆಯುವ ಹೊಸ ಯಂತ್ರವು ಈ ದಿನದ ಪರೀಕ್ಷೆಯಲ್ಲಿ ಗೆದ್ದರೆ, ದಂಡಿನ ಹೆಬ್ಬಾಗಿಲಿನ ಪಹರೆಯನ್ನೇ ವ್ರತವೆಂದು ನಡೆಸಿಕೊಂಡು ಬಂದಿದ್ದ ಹವಾಲ್ದಾರ ನಿಂಗೌಡ ನಾಳೆಯಿಂದ ಉಗ್ರಾಣ ಸೇರಬೇಕಿತ್ತು.

ಜೀಪು ಬಂದು ನಿಂತಿತು. ಇಳಿದವರನ್ನು ನಿಂಗೌಡ ದೂರದಿಂದಲೇ ಗುರುತಿಸಿದ: ಜನರಲ್ ಸಾಹೇಬರು, ಇಂದೇಕೋ ಸಾದಾ ಉಡುಪಿನಲ್ಲಿದ್ದರು. ಯಂತ್ರ ಆ ಮುಖವನ್ನು ಕಂಡದ್ದೇ ತಡ, ಹಸುರು ದೀಪ ಬೆಳಗಿ ಬಾಗಿಲು ತಾನಾಗಿ ತೆರೆಯಿತು. ನಿಂಗೌಡ ಮಾತ್ರ ಬಂದೂಕನ್ನು ಅಡ್ಡ ಹಿಡಿದ.

"ಇವತ್ತಿನ ಗುಪ್ತಪದ ಹೇಳ್ರಿ, ಸಾಹೇಬ್ರ."

"ಅದು ನನಗೆ ಗೊತ್ತಿಲ್ಲವಲ್ಲಪ್ಪ."

"ಹಂಗಾದ್ರ ಕೈ ಮ್ಯಾಲ ಮಾಡಿ ಅಲ್ಲೇ ನಿಂದರ್ರಿ."

ಪಕ್ಕದಲ್ಲಿದ್ದ ಕ್ಯಾಪ್ಟನ್ನರ ಮುಖ ಬಿಳಿಚಿತು. "ಏನ್ರೀ ನಿಂಗೌಡ, ಯಂತ್ರಕ್ಕೇ ಗುರುತು ಸಿಕ್ಕಿತು. ನಿಮಗೆ ಸಿಗಲಿಲ್ಲವೇ?"

"ಸಿಕ್ಕೈತ್ರಿ. ಗುರ್ತಿನವರಾದ್ರೂ ಗುಪ್ತಪದ ಕೇಳದ ಬಿಡಬ್ಯಾಡ ಅಂತ ಇವ್ರೇ ಹುಕುಂ ಮಾಡ್ಯಾರ್ರಿ. ಮುಖಾ ನೋಡಿ ಬಿಡಾಕ ಇದೇನು ನಮ್ಮ ಬೀಗರ ಮನಿ ಏನ್ರಿ?"

ಬಂದವರು ನಗುತ್ತ ಎರಡೂ ಕೈಗಳನ್ನೆತ್ತಿದರು.

ಅಷ್ಟರಲ್ಲಿ ಹಿಂದೆಯೇ ಬಂದು ನಿಂತ ಇನ್ನೊಂದು ಜೀಪಿನಿಂದ ಅದೇ ಮುಖದ ಮತ್ತೊಬ್ಬರು ಸಮವಸ್ತ್ರದಲ್ಲಿ ಇಳಿದು ಬಂದು, ನಿಂಗೌಡನ ಕಿವಿಯಲ್ಲಿ ಗುಪ್ತಪದವನ್ನು ಉಸುರಿ, ಬಳಿಕ ಹೇಳಿದರು: "ಇನ್ನು ಬಿಡಿ ಹವಾಲ್ದಾರ್ರೇ, ಅವನು ನನ್ನ ಅವಳಿ ತಮ್ಮ, ಸಂಗೀತದ ಮೇಷ್ಟ್ರು."