ಸೋಮವಾರದ ಉಪನ್ಯಾಸ

ಪ್ರೊಫೆಸರ್ ಹಾನ್ಸೆನ್ ಭಾಷಣ ಮುಗಿಸಿ ನೀರಿನ ಲೋಟ ಇನ್ನೂ ಕೆಳಗಿಟ್ಟಿರಲಿಲ್ಲ, ಅವರ ಬೆನ್ನ ಹಿಂದೆ ಅಟೆಂಡರ್ ಪಿಳ್ಳಣ್ಣ ಸ್ಟೂಲು ಹತ್ತಿ ‘ಅಂತರರಾಷ್ಟ್ರೀಯ ಸಮುದ್ರ ಕಾನೂನು’ ಎಂಬ ಬ್ಯಾನರನ್ನು ಸರ್ರನೆ ಎಳೆದು ಇಳಿಸಿದ. ಅದರಡಿಯಲ್ಲಿ ಇನ್ನೊಂದು ಬ್ಯಾನರು ಕಟ್ಟಿತ್ತು: ‘ನಿರಾಶ್ರಿತರು ಮತ್ತು ಅಂತರರಾಷ್ಟ್ರೀಯ ಕಾನೂನು’. ಅದರ ಮೇಲೆ ಸೋಮವಾರದ ತಾರೀಕು. ಆವತ್ತು ಬುಧವಾರ.

ದೇವನಹಳ್ಳಿಯ ಆ ಲಾ ಕಾಲೇಜಿಗೆ ಏರ್‌ಪೋರ್ಟು ಮಗ್ಗುಲಲ್ಲೇ ಇದ್ದದ್ದು ದೊಡ್ಡ ಅನುಕೂಲ. ಸಿಟಿಯ ಕಾಲೇಜುಗಳು ಕರೆಸಿಕೊಂಡ ವಿದೇಶಿ ವಿದ್ವಾಂಸರನ್ನು ವಿಮಾನ ಹತ್ತುವ ಮುಂಚೆ ಮುಕ್ಕಾಲು ಗಂಟೆಗೆ ಇಲ್ಲಿ ಇಳಿಸಿಕೊಳ್ಳುತ್ತಿದ್ದರು. ಈ ಸಲ ತಪಾಸಣೆ ಸಮಿತಿ ಬರುವುದಿತ್ತು. ಸಮಿತಿಗೆ ಮೂರು ದಿನದ ಉಪನ್ಯಾಸ ಮಾಲೆಯನ್ನು ತೋರಿಸಬೇಕಿತ್ತು. ನಾರ್ವೆಯ ಹಾನ್ಸೆನ್ ಸಿಕ್ಕಿದ್ದು ಮಾತ್ರ ಅದೇ ಮುಕ್ಕಾಲು ಗಂಟೆಗೆ.

ವಿಭಾಗದ ಮುಖ್ಯಸ್ಥ ಜಯಕುಮಾರ್ ಎಲ್ಲಕ್ಕೂ ದಾರಿ ಹುಡುಕಿಟ್ಟಿದ್ದರು. ಸೆಕೆ ಎಂದು ಅತಿಥಿಯ ಕೋಟು ಬಿಚ್ಚಿಸಿದರು. ಮುಂದಿನ ಸಾಲಿನವರನ್ನು ಹಿಂದಕ್ಕೆ, ಹಿಂದಿನವರನ್ನು ಮುಂದಕ್ಕೆ ಕೂರಿಸಿದರು. ಫೋನಿನ ತಾರೀಕನ್ನು ಸೋಮವಾರಕ್ಕೆ ತಿರುಗಿಸಿ ಫೋಟೋ ತೆಗೆದರು. ಮೈಸೂರು ಪೇಟ, ಶಾಲು, ಏಲಕ್ಕಿ ಹಾರಗಳನ್ನು ಮಂಗಳವಾರಕ್ಕೆಂದು ತಟ್ಟೆಯಲ್ಲಿ ಕಾದಿರಿಸಿದ್ದರು.

“ಸಾರ್, ಬಾಹ್ಯಾಕಾಶದ ಬ್ಯಾನರು ಬಿಡ್ಲಾ?” ಪಿಳ್ಳಣ್ಣ ಸ್ಟೂಲಿನ ಮೇಲಿಂದಲೇ ಕೂಗಿದ.

“ತಡ್ಕೊಳಯ್ಯ, ನಿರಾಶ್ರಿತರು ಮುಗೀಲಿ.”

ವಿದ್ಯಾರ್ಥಿಗಳ ಸಾಲಿನಲ್ಲಿ ದಿವ್ಯ ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕಳು. “ಲೇ ಧನು, ಅರ್ಧ ಗಂಟೇಲಿ ಸಮುದ್ರದಿಂದ ಆಕಾಶಕ್ಕೆ ಹೋಗ್ತಾ ಇದೀವಿ ಕಣೇ. ನಾನಿನ್ನೂ ಸಮುದ್ರಾನೇ ನೋಡಿಲ್ಲ.”

ಪಕ್ಕದಲ್ಲಿದ್ದ ಧನುಶ್ರೀಗೆ ನಗು ಬರಲಿಲ್ಲ. ಮೂರು ಉಪನ್ಯಾಸಗಳ ಮೂರು ವರದಿಗಳು ಅವಳ ಬ್ಯಾಗಿನಲ್ಲಿದ್ದವು. ಬೆಳಿಗ್ಗೆ ಜಯಕುಮಾರ್ ಹೇಳಿ ಬರೆಸಿದ್ದು. ಪ್ರತಿಯೊಂದರ ಕೊನೆಗೂ ಅತಿಥಿಯ ಸಹಿಗೆ ಒಂದು ಗೆರೆ, ‘ಹಾಜರಿದ್ದು ವರದಿ ಮಾಡಿದವರು: ಧನುಶ್ರೀ, ಅಂತಿಮ ವರ್ಷ’ ಎಂಬುದರ ಮುಂದೆ ಇನ್ನೊಂದು. ಅಮ್ಮನ ಆಪರೇಷನ್ ಎಂದು ಆರು ವಾರ ಆಸ್ಪತ್ರೆ, ಮನೆ ಅಂತ ಓಡಾಡಿದವಳ ಹಾಜರಿ ಶೇಕಡಾ ಐವತ್ತೆಂಟಕ್ಕೆ ನಿಂತಿತ್ತು. ಎಪ್ಪತ್ತಾಗದೆ ಹಾಲ್ ಟಿಕೆಟ್ ಇಲ್ಲ.

ಮೂರನೇ ಬ್ಯಾನರಿನ ಫೋಟೋ ಮುಗಿದ ಮೇಲೆ ಅವಳು ಜಯಕುಮಾರ್ ಹತ್ತಿರ ಹೋದಳು. “ಸಾರ್, ಸೋಮವಾರ ಇವ್ರು ಬಂದೇ ಇಲ್ವಲ್ಲ. ನಾಳೆ ಯಾರಾದ್ರೂ ಕೆದಕಿದ್ರೆ ಸಿಗೋದು ನನ್ನ ಹೆಸರು ತಾನೇ? ವಕೀಲಿ ಸನ್ನದಿಗೇ ಕಲ್ಲು ಬಿದ್ರೆ?”

“ಹಾಲ್ ಟಿಕೆಟ್ಟೇ ಇಲ್ದೆ ಸನ್ನದು ಎಲ್ಲಿಂದ ಬರುತ್ತಮ್ಮ?” ಎಂದರು ಅವರು. “ಕಾರಲ್ಲಿ ಅವ್ರ ಜೊತೆ ಏರ್‌ಪೋರ್ಟ್‌ವರೆಗೆ ಹೋಗು. ಸೈನ್ ಹಾಕಿಸ್ಕೊ, ಕೆಳಗೆ ನೀನೂ ಹಾಕು. ಸಂಜೆಗೆ ನಿನ್ನ ಹಾಜರಿ ಸರಿ ಮಾಡ್ತೀನಿ. ಅವ್ರೇ ಹಾಕಲ್ಲ ಅಂದ್ರೆ ಅದು ನನ್ನ ಹಣೆಬರಹ, ಆಗ್ಲೂ ಮಾಡ್ತೀನಿ. ಸಾಕಾ?”

ಸಾಕಾಗಿತ್ತು. ಕಾರು ಹತ್ತುವಾಗ ಅವಳ ಆಸೆಯೆಲ್ಲ ಆ ಬಿಳಿ ಮನುಷ್ಯನ ಮೇಲಿತ್ತು. ಸ್ವಾಗತ ಭಾಷಣದಲ್ಲಿ ಜಯಕುಮಾರ್ ದೇಶದ ಸಮುದ್ರ ಗಡಿ ‘ಹನ್ನೆರಡು ಮೈಲಿ’ ಎಂದಿದ್ದಕ್ಕೆ, ಎದ್ದು ನಿಂತು ‘ನಾಟಿಕಲ್ ಮೈಲಿ’ ಎಂದು ತಿದ್ದಿದ ಮನುಷ್ಯ ಅವರು. ಅಂಥವರು ಸುಳ್ಳು ಕಾಗದಕ್ಕೆ ಸಹಿ ಹಾಕುತ್ತಾರೆಯೇ? ಅವರು ಹಾಕದಿದ್ದರೆ ತಾನೂ ಹಾಕಬೇಕಿಲ್ಲ.

ಹೈವೇ ಸೇರುತ್ತಿದ್ದಂತೆ ವರದಿಗಳನ್ನು ಅವರ ಕೈಗಿಟ್ಟು, ತಡವರಿಸುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಇದರಲ್ಲಿ ಒಂದೇ ನಿಜ, ಉಳಿದೆರಡು ದಿನ ನೀವು ನಮ್ಮ ಕಾಲೇಜಿಗೆ ಬಂದಿಲ್ಲ, ಅಂಥ ಭಾಷಣ ಮಾಡಿಲ್ಲ, ನೀವು ಸಹಿ ಮಾಡದಿದ್ದರೆ ನನಗೇನೂ ತೊಂದರೆಯಿಲ್ಲ ಎಂದಳು. ಕೊನೆಯ ಮಾತನ್ನು ಎರಡು ಸಲ ಹೇಳಿದಳು.

ಹಾನ್ಸೆನ್ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದರು. ಹುಬ್ಬು ಗಂಟಿಕ್ಕಿತು. ಧನುಶ್ರೀಗೆ ಜೀವ ಬಂದಂತಾಯಿತು.

“ಇವು ಈ ಸೋಮವಾರ, ಮಂಗಳವಾರದ ತಾರೀಕುಗಳೇ?”

“ಹೌದು ಸರ್. ಸುಳ್ಳು ತಾರೀಕುಗಳು.”

“ಆ ಎರಡೂ ದಿನ ನಾನು ನಂದಿ ಬೆಟ್ಟದ ಕೆಳಗಿನ ಒಂದು ರೆಸಾರ್ಟಿನಲ್ಲಿದ್ದೆ,” ಎಂದರು ಅವರು. “ಬೆಳಿಗ್ಗೆ ಈಜು, ಮಧ್ಯಾಹ್ನ ನಿದ್ದೆ.”

ಅವರ ಬಾಯಿಂದಲೇ ಬಂತಲ್ಲ ಎಂದು ಅವಳು ಕಾಗದಗಳನ್ನು ವಾಪಸು ಇಸಿದುಕೊಳ್ಳಲು ಕೈ ಚಾಚಿದಳು. ಹಾನ್ಸೆನ್ ಕೊಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮೊಣಕಾಲ ಮೇಲಿಟ್ಟುಕೊಂಡು, ಸೋಮವಾರಕ್ಕೊಂದು, ಮಂಗಳವಾರಕ್ಕೊಂದು, ಬುಧವಾರಕ್ಕೊಂದು ಸಹಿ ಹಾಕಿದರು. ಒಂದು ಕಡೆ ‘ನಿರಾಶ್ರಿತರು’ ಎಂಬ ಪದದ ಇಂಗ್ಲಿಷ್ ಕಾಗುಣಿತವನ್ನೂ ತಿದ್ದಿದರು.

“ನನ್ನ ಪ್ರವಾಸಕ್ಕೆ ಅನುಮತಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ಆ ಎರಡು ದಿನದ ಬಗ್ಗೆ ಏನು ಬರೆಯಲಿ ಎಂದೇ ತೋಚಿರಲಿಲ್ಲ,” ಎಂದರು, ನಿಜವಾದ ಕೃತಜ್ಞತೆಯಿಂದ. “ಇದರ ಒಂದೊಂದು ಪ್ರತಿ ನನಗೂ ಕಳಿಸು. ಫೋಟೋಗಳನ್ನೂ.”

ಕಾರು ನಿರ್ಗಮನ ದ್ವಾರದ ಮುಂದೆ ನಿಂತಿತು. ಅವರು ಇಳಿಯಲಿಲ್ಲ. ಕಾಗದಗಳನ್ನು ಅವಳ ಮಡಿಲಿಗಿಟ್ಟು, ಪೆನ್ನನ್ನು ಅವಳ ಕಡೆ ಹಿಡಿದು, ಖಾಲಿ ಗೆರೆಯನ್ನು ಬೆರಳಿನಿಂದ ತೋರಿಸಿದರು.

“ಇಲ್ಲಿ ನಿನ್ನದು. ಹೆಸರು ಓದುವಂತಿರಲಿ. ನಮ್ಮ ದೇಶದಲ್ಲಿ ಇಂಥದ್ದಕ್ಕೆಲ್ಲ ಕಾನೂನು ತುಂಬ ಬಿಗಿ.”